ನಾಗಲೋಕದ ಮೆಟ್ಟಿಲು

“ಇದೇ ನಾಗಲೋಕದ ಮೆಟ್ಟಿಲು. ನಾಗರಾಣಿ ನೀರಿನಿಂದ ಎದ್ದು ಬಂದದ್ದು ಇಲ್ಲೇ,” ಎಂದು ಗೈಡ್ ಅಮೋಲ್ ಹಿಂದಿಯಲ್ಲಿ ಹೇಳುತ್ತಿದ್ದಂತೆ ಎಲ್ಲರೂ ಫೋನು ಎತ್ತಿದರು. ದೇವಕ್ಕ ಮಾತ್ರ ಕಂಕುಳಲ್ಲಿದ್ದ ರೊಟ್ಟಿಯ ಗಂಟನ್ನು ಬಿಗಿಯಾಗಿ ಹಿಡಿದಳು.

ಮುಂಬಯಿಯ ಬೊರಿವಲಿಯಾಚೆಯ ಈ ಕಲ್ಲಿನ ಕ್ವಾರಿಯಲ್ಲಿ ಇಪ್ಪತ್ತೆರಡು ವರ್ಷಗಳ ಹಿಂದೆ ಬಂಡೆ ಜರುಗಿ ಅವಳ ಗಂಡ ಸತ್ತಿದ್ದ. ಮರುವಾರವೇ ಕ್ವಾರಿ ಮುಚ್ಚಿತು, ಬೇಲಿ ಬಂತು, ಗುಂಡಿ ತುಂಬಿ ಕೆರೆಯಾಯಿತು. ಸತ್ತ ಜಾಗದಲ್ಲಿ ಒಂದು ಎಡೆ ಇಡಬೇಕೆಂದು ಆಂಟಾಪ್ ಹಿಲ್‌ನ ಮನೆಯಿಂದ ಎಷ್ಟು ಸಲ ಬಂದು ಬೇಡಿಕೊಂಡರೂ ಕಾವಲಿನವರು ಒಳಗೆ ಬಿಟ್ಟಿರಲಿಲ್ಲ. ಈಗ ಮಾಯಾಮಂತ್ರದ ಸಿನಿಮಾವೊಂದು ಇಲ್ಲಿ ಶೂಟಿಂಗ್ ಆಗಿ ಹೆಸರು ಮಾಡಿದ ಮೇಲೆ ಭಾನುವಾರಕ್ಕೊಮ್ಮೆ ಟೂರ್ ಬಸ್ ಬರುತ್ತದೆ. ಬದುಕಿದ್ದ ಹೆಂಗಸಿನ ಸಂಕಟಕ್ಕೆ ತೆರೆಯದ ಗೇಟು, ಎಲ್ಲೂ ಇಲ್ಲದ ರಾಣಿಗೆ ತೆರೆದಿತ್ತು. ಮಗಳು ಶಿವಕುಮಾರಿ ಅದೇ ಬಸ್ಸಿನಲ್ಲಿ ಎರಡು ಸೀಟು ಹಿಡಿದಿದ್ದಳು.

“ಇಲ್ಲಿ ನೋಡಿ, ನಾಗರ ಲಿಪಿ. ಸಿನಿಮಾ ಸೆಟ್ಟಿನವರು ಕೆತ್ತಿದ್ದು,” ಎಂದು ಅಮೋಲ್ ಮೇಲಿನ ಮೆಟ್ಟಿಲನ್ನು ತೋರಿಸಿದ.

ಅರ್ಧಚಂದ್ರ, ಕೆಳಗೆ ಮೂರು ಗೀರು. ದೇವಕ್ಕ ಮಗಳ ತೋಳು ಹಿಡಿದಳು. ಒಬ್ಬರ ಕೆಲಸ ಇನ್ನೊಬ್ಬರ ಕೂಲಿಯ ಅಳತೆಗೆ ಸೇರದಿರಲೆಂದು ಕ್ವಾರಿಯಲ್ಲಿ ಪ್ರತಿಯೊಬ್ಬನೂ ತಾನು ಒಡೆದ ಕಲ್ಲಿಗೆ ತನ್ನ ಗುರುತು ಹಾಕುತ್ತಿದ್ದ.

“ಸಿನಿಮಾದವರದಲ್ಲವ್ವಾ ಇದು. ನಿಮ್ಮಪ್ಪನ ಗುರುತು. ಅವಂಗ ಹೇಳು.”

ಶಿವಕುಮಾರಿ ಹಿಂದಿಯಲ್ಲಿ ಹೇಳಿದಳು. ಅಮೋಲ್, “ಮೌಶಿ, ಅವರ ಹೆಸರೇನು?” ಎಂದು ದೇವಕ್ಕನನ್ನೇ ಕೇಳಿದ.

ರೇಷನ್ ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ಈ ಪ್ರಶ್ನೆ ಬಂದರೂ ದೇವಕ್ಕ ಮಗಳನ್ನು ಮುಂದೆ ತಳ್ಳುವವಳು. ಗಂಡನ ಹೆಸರನ್ನು ಬಾಯಲ್ಲಿ ಹೇಗೆ ತರುವುದು? ಇಂದೂ ಮಗಳೇ ಬಾಯಿ ತೆರೆದಳು.

“ನಮ್ಮಪ್ಪನ ಹೆಸರು...”

“ತಡಿ. ನಾನ ಹೇಳ್ತೀನಿ.”

ಮುತ್ತೈದೆಯರಾದರೆ ಒಡಪು ಕಟ್ಟಿ ಗಂಡನ ಹೆಸರು ಹೇಳುವುದುಂಟು. ಗಂಡ ಸತ್ತವಳು ಒಡಪು ಹೇಳುವ ಪದ್ಧತಿಯಿಲ್ಲ. ಅದು ದೇವಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವಳು ಕೆರೆಯ ಕಡೆ ಮುಖ ಮಾಡಿ ನಿಂತಳು.

“ಕಲ್ಲ ಒಡದು ಮೆಟ್ಟಲ ಮಾಡ್ಯಾರ ಸುತ್ತಿಗಿ ಉಳಿ ಹಿಡದು,
ಯಲ್ಲಾಲಿಂಗರಾಯರ ಹೆಸರ ಹೇಳತೀನಿ ತಲಿಮ್ಯಾಲ ಸೆರಗ ಎಳದು.”

ಭಾಷೆ ತಿಳಿಯದಿದ್ದರೂ ಅದೇನೆಂದು ಅಮೋಲ್‌ಗೆ ತಿಳಿಯಿತು. ಅವನ ತಾಯಿಯೂ ಮರಾಠಿಯಲ್ಲಿ ಹೀಗೇ ಉಖಾಣಾ ಹೇಳುವವಳು. ಅಪ್ಪನ ಹೆಸರನ್ನು ನೂರಾರು ಫಾರ್ಮುಗಳಲ್ಲಿ ಬರೆದಿದ್ದ ಶಿವಕುಮಾರಿ ಅದನ್ನು ಅವ್ವನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಅವಳಿಗೆ ಅಳು ಬಂತು.

“ಅವ್ವಾ, ಇನ್ನೊಂದು ಸಲ ಹೇಳು.”

ದೇವಕ್ಕ ಹೇಳಲಿಲ್ಲ. ಕೂತು ಗಂಟು ಬಿಚ್ಚಿ, ರೊಟ್ಟಿಯನ್ನೂ ಪುಂಡಿಪಲ್ಯವನ್ನೂ ಗುರುತಿನ ಕೆಳಗಿಟ್ಟಳು. ಅಮೋಲ್ ಉಳಿದವರನ್ನು ಪಕ್ಕದ ಮಣ್ಣಿನ ದಾರಿಯಲ್ಲಿ ಕೆಳಗಿಳಿಸಿದ. ಆ ಮೆಟ್ಟಿಲನ್ನು ಯಾರೂ ತುಳಿಯಲಿಲ್ಲ.