ಐದು ಈ ಕಡೆ, ಮೂರು ಆ ಕಡೆ

ಈ ಬಾತುಕೋಳಿ ಯಾಕೆ ನನ್ನನ್ನೇ ನೋಡ್ತಾ ಇದೆ, ಬಿಸಿಲಿಗೆ ಕೊಡೆ ಬಿಚ್ಚಿದೋನನ್ನ ಕಂಡೇ ಇಲ್ವಾ ಇದು, ಹುಷ್, ಹೋಗು ಅತ್ಲಾಗೆ, ತಲೆ ಓರೆ ಮಾಡ್ಕೊಂಡು ಥೇಟ್ ನಮ್ಮತ್ತೆ ನೋಡೋ ಹಾಗೇ ನೋಡುತ್ತೆ, ಕೊಡೆಯ ಕೋಲು ಕಿತ್ತು ಅಲ್ಲಿಗೆ ಆಂಟೆನಾ ಕೂರಿಸಿದೀನಿ ಅಂತ ಒಂದು ಬಾತುಕೋಳಿಗೆ ಹೇಗೆ ಗೊತ್ತಾಗಬೇಕು, ತೊಡೆ ಮೇಲೆ ಚೀಲ, ಚೀಲದೊಳಗೆ ರಿಮೋಟ್ ಸೆಟ್ಟು, ಎರಡೂ ಕೈ ಚೀಲದೊಳಗೆ, ಕೊಡೆ ಚೀಲದ ಬಾಯಿಂದ ಗಿಡದ ಹಾಗೆ ತಾನೇ ಎದ್ದು ನಿಂತಿದೆ, ನೋಡಿದೋರಿಗೆ ಪಾಪ ತಿನ್ನೋಕೇನೋ ಹುಡುಕ್ತಾ ಇದಾನೆ ಅನ್ನಿಸಬೇಕು, ಹುಡುಕ್ತಾ ಇರೋದು ಹೌದು, ಆದರೆ ಬಾಯಿಗಲ್ಲ, ಹೊಟ್ಟೆ ತಣ್ಣಗಾಗೋಕೆ — ಅದೋ ಬಂದ, ಕೊಳದ ಆ ದಡದಲ್ಲಿ, ಬಿಳಿ ಟೋಪಿ, ನನ್ನ ಷಡ್ಡಕ, ನನ್ನ ಹೆಂಡತಿಯ ಸ್ವಂತ ತಂಗಿಯ ಸ್ವಂತ ಗಂಡ, ಕಂಕುಳಲ್ಲಿ ರಿಮೋಟಿನ ಕೆಂಪು ದೋಣಿ, ಮಗೂನ ಡಾಕ್ಟರ ಹತ್ತಿರ ಕರ್ಕೊಂಡು ಬಂದೋನ ಹಾಗೆ, ಎಲ್ಲರಿಗೂ ಕೈ ಬೀಸ್ತಾನೆ, ನನಗೂ ಬೀಸ್ತಾನೆ, ಬೀಸಪ್ಪಾ ಬೀಸು.

ನನ್ನ ದೋಣಿ ಆಗಲೇ ಮುಳುಗಿ ಎದ್ದು ಕಾಲ ಹತ್ತಿರ ನೀರು ಸೋರ್ತಾ ಮಲಗಿದೆ, ಇವತ್ತಿನ ಮೊದಲನೇ ಪಂದ್ಯದಲ್ಲೇ, ತಿರುವಲ್ಲಿ, ಹೋದ ಸಲಾನೂ ಅದೇ ತಿರುವು, ನೆಟ್ಟಗೆ ಹೋಗೋವಾಗ ರಾಜನ ಹಾಗೆ ಎದ್ದು ಹೋಗುತ್ತೆ, ಹೈಡ್ರೋಫಾಯಿಲ್ ಅಂದ್ರೆ ಅಷ್ಟೇ ತಾನೆ, ದೋಣಿಗೆ ಕಾಲು, ಕಾಲಿಗೆ ರೆಕ್ಕೆ, ರೆಕ್ಕೆ ನೀರೊಳಗೆ, ವೇಗ ಬಂತು ಅಂದ್ರೆ ರೆಕ್ಕೆ ದೋಣೀನ ನೀರಿಂದ ಮೇಲಕ್ಕೆ ಎತ್ತುತ್ತೆ, ಹೊಟ್ಟೆ ಒದ್ದೆ ಮಾಡ್ಕೊಳ್ಳದೆ ಓಡುತ್ತೆ, ತಿರುವು ಬಂತೋ ರೆಕ್ಕೆ ಮೇಲಿಂದ ಗಾಳಿ ಎಳ್ಕೊಳ್ಳುತ್ತೆ, ಗಾಳಿ ಹೊಕ್ಕ ರೆಕ್ಕೆಗೆ ಹಿಡಿತ ಇಲ್ಲ, ದಬಕ್, ಮೂಗು ಮುಂದಾಗಿ — ನನ್ನ ಮೂರನೇ ದೋಣಿ ಹಾಗೇ ಹಾರಿ ದಡದಲ್ಲಿ ಪೇಪರ್ ಓದ್ತಿದ್ದ ವಕೀಲರ ಮಡಿಲಲ್ಲಿ ಇಳೀತು, ಅವರು ಪೇಪರ್ ಕೆಳಗಿಡದೇ ನೀವು ಅಪೀಲು ಹೋಗಬಹುದು ಅಂದ್ರು, ಆಣೆ ಇಟ್ಟು ಹೇಳ್ತೀನಿ — ಆ ಗಾಳಿಗೆ ಮದ್ದು ಕಂಡುಹಿಡಿದೋನು ನಾನು, ನಾನು, ಬಿಳಿ ಟೋಪಿಯವನಲ್ಲ, ರೆಕ್ಕೆ ಮೇಲೆ ಸಣ್ಣ ಸಣ್ಣ ತಗಡಿನ ಬೇಲಿ ನಿಲ್ಲಿಸಬೇಕು, ಗಾಳಿ ಇಳಿದು ಬಂದ್ರೆ ಬೇಲಿಗೆ ತಡ್ಕೊಂಡು ನಿಲ್ಲುತ್ತೆ, ನಮ್ಮನೆಯೋಳ ಪೌಡರ್ ಡಬ್ಬ ಕತ್ತರಿಸಿ ಮಾಡಿದ್ದು, ಎಡ ರೆಕ್ಕೆಗೆ ಐದು ಬೇಲಿ ಕೂರಿಸೋ ಹೊತ್ತಿಗೆ ತಗಡು ಮುಗೀತು, ಬಲಕ್ಕೆ ಬರೀ ಮೂರು, ಇನ್ನೊಂದು ಡಬ್ಬ ಮುಟ್ಟಿದ್ರೆ ನೋಡಿ ಅಂದ್ಲು, ಡಬ್ಬದಲ್ಲಿ ಇನ್ನೂ ಪೌಡರ್ ಇತ್ತು, ಕತ್ತರಿ ಎತ್ತಿಟ್ಟೆ.

ಆಗ ಬಂದೋನು ಇವನು. ಹಿಂದಿನ ರೂಮು, ಸ್ಟೂಲ್ ಮೇಲೆ ಕೂತ, ಕಾಫಿ ಕುಡಿದ, ಇದ್ಯಾಕಣ್ಣ ಹಿಂಗೆ, ಅದ್ಯಾಕಣ್ಣ ಹಂಗೆ, ಮುಖ ಹಾಲು ಕುಡಿಯೋ ಮಗು, ನಾನೂ ಮಂಕುದಿಣ್ಣೆ, ಕೇಳೋರು ಸಿಕ್ಕಿದ್ರಲ್ಲ ಅಂತ ರೆಕ್ಕೆ ತಿರುಗಿಸಿ ತಿರುಗಿಸಿ ತೋರಿಸ್ದೆ, ಬಾ ಅಣ್ಣ ಒಂದು ಫೋಟೋ ಅಂದ, ಹೆಗಲ ಮೇಲೆ ಕೈ ಹಾಕ್ದ, ನಾನು ಹೊಟ್ಟೆ ಒಳಗೆಳ್ಕೊಂಡು ನಿಂತೆ, ಆ ಫೋಟೋದಲ್ಲಿ ನನ್ನ ಮುಖವೇ ಇರಲಿಲ್ಲ, ಪೂರ್ತಿ ರೆಕ್ಕೆ, ಆಮೇಲೆ ಹೋದ ವರ್ಷ ಬಂತು ಈ ಕೆಂಪು ದೋಣಿ, ಎಡಕ್ಕೆ ಐದು ಬೇಲಿ, ಬಲಕ್ಕೆ ಮೂರು, ಕಳ್ಳ, ಕದ್ದ ಮೇಲೆ ಎಣಿಸೋದಾದ್ರೂ ಬೇಡ್ವಾ, ಇಲ್ಲ, ಅದೇ ಪೌಡರ್ ಡಬ್ಬ, ಅದೇ ಗುಲಾಬಿ ಹೂವು ತಗಡಿನ ಮೇಲೆ, ತಗಡಲ್ಲೇ ಏನೋ ಮಹಿಮೆ ಇದೆ ಅನ್ಕೊಂಡಿರಬೇಕು, ನಮ್ಮ ದೋಣಿ ಕ್ಲಬ್ಬಿನ ಅಧ್ಯಕ್ಷರು ಕನ್ನಡಕ ಏರಿಸಿ ನೋಡಿ ಒಂದು ಕಡೆ ಐದು ಒಂದು ಕಡೆ ಮೂರು ಆಹಾ ಎಂಥ ದಿಟ್ಟ ಕಲ್ಪನೆ ಅಂದ್ರು, ಕಪ್ಪು ಕೊಟ್ರು, ಹೇಗೆ ಹೊಳೀತಪ್ಪಾ ಅಂತ ಮೈಕ್ ಮುಂದಿಟ್ರು, ಬಚ್ಚಲಲ್ಲಿ ಕೂತಿದ್ದಾಗ ಹೊಳೀತು ಅಂದ.

ಬಚ್ಚಲಲ್ಲಿ. ಆ ಬಚ್ಚಲು ನಾನು ನೋಡಿಲ್ವಾ, ನಲ್ಲಿ ಸೋರುತ್ತೆ, ದೀಪ ಹತ್ತಲ್ಲ, ಅಲ್ಲಿ ಏನು ಹೊಳೆಯುತ್ತೆ, ಸೋಪು ಎಲ್ಲಿದೆ ಅಂತಾನೇ ಹೊಳೆಯಲ್ಲ — ಮನೆಗೆ ಬಂದು ಹೆಂಡತಿ ಹತ್ರ ಹಾರಾಡಿದ್ರೆ, ಹೋಗ್ಲಿ ಬಿಡಿ, ಹೊರಗಿನೋನಾ, ನಮ್ಮನೆಯೋನೇ ತಾನೆ ಅಂತಾಳೆ, ನಮ್ಮನೆಯೋನು ಅಂತಾನೇ ತಾನೆ ಉರಿಯೋದು, ಅತ್ತೆ ಬೇರೆ, ಎಲ್ಲರ ಎದುರಿಗೆ, ಊಟದ ಮಧ್ಯೆ, ಅಳಿಯಂದ್ರೇ, ನೀವೂ ಒಂದು ಮಾಡಬಾರ್ದಾ ಅವರ ಹಾಗೆ. ಅವರ ಹಾಗೆ! ತುತ್ತು ಗಂಟಲಲ್ಲೇ ನಿಂತಿತು, ಇವತ್ತಿಗೂ ಇಳಿದಿಲ್ಲ, ಅದರ ಮೇಲೇ ಉಂಡ್ಕೊಂಡು ಬಂದಿದೀನಿ, ಇವತ್ತು ಇಳಿಸ್ತೀನಿ, ರೇಡಿಯೋ ರಿಪೇರಿಯವನ ಹತ್ರ ಹೋಗಿ ಇವನ ದೋಣಿ ಯಾವ ನಂಬರಿಗೆ ಕಿವಿಗೊಡುತ್ತೋ ಆ ನಂಬರಿನ ಕ್ರಿಸ್ಟಲ್ಲೇ ನನ್ನ ಸೆಟ್ಟಿಗೆ ಬೇಕು ಅಂದೆ, ಅವನು ಬೆಸುಗೆ ಕಡ್ಡಿ ಕೆಳಗಿಟ್ಟು, ಸಾರ್, ಈ ನಂಬರು ನಿಮ್ಮ ಷಡ್ಡಕರದ್ದಲ್ವಾ, ಇಬ್ಬರದೂ ಒಂದೇ ಆದ್ರೆ ಗಲಾಟೆ ಆಗಲ್ವಾ ಅಂದ, ಆಗದೇ ಇದ್ರೆ ವಾಪಸ್ ತಗೋತೀಯಾ ಅಂದೆ, ಬ್ಯಾಟರಿ ಬೇರೆ ಎರಡರಷ್ಟು ಕಟ್ಟಿಸ್ದೆ, ಇವನ ಸೆಟ್ಟು ಪಿಸುಗುಟ್ಟಿದ್ರೆ ನಂದು ಕೂಗಬೇಕು.

ಅದೋ ಹಲಗೆ ಹತ್ರ ಹೋದ, ಹಲಗೆ ತುಂಬ ಬಟ್ಟೆ ಒಣಹಾಕೋ ಕ್ಲಿಪ್ಪು, ಒಂದೊಂದಕ್ಕೂ ಒಂದು ನಂಬರು, ನಿನ್ನ ನಂಬರಿನ ಕ್ಲಿಪ್ಪು ನಿನ್ನ ಕಾಲರಿಗೆ ಬಂದ ಮೇಲೇನೇ ಸೆಟ್ಟಿನ ಸ್ವಿಚ್ಚು, ಯಾಕಂದ್ರೆ ಒಂದೇ ನಂಬರಲ್ಲಿ ಇಬ್ಬರು ಮಾತಾಡಿದ್ರೆ ದೋಣಿಗೆ ಯಾರ ಮಾತು ಕೇಳಬೇಕೋ ತಿಳಿಯಲ್ಲ, ಮದುವೆಯಾದ ಹೊಸದರಲ್ಲಿ ನನ್ನ ಹಾಗೆ, ಲೋಕವೆಲ್ಲ ಕ್ಲಿಪ್ಪು ಬೇಡದ ಹೊಸ ಸೆಟ್ಟು ತಗೊಂಡ್ರೂ ನಮ್ಮ ಅಧ್ಯಕ್ಷರು ಬಿಡಲ್ಲ, ಕ್ಲಬ್ಬಿಗೆ ಕುಡಿದು ಬಾ, ಅಧ್ಯಕ್ಷರನ್ನೇ ಬೈ, ಕ್ಷಮೆ ಇದೆ, ಕ್ಲಿಪ್ಪಿಲ್ಲದೆ ಸ್ವಿಚ್ಚು ಒತ್ತಿದೋನನ್ನ ಮಾತ್ರ ಜನ್ಮಕ್ಕೆ ಮತ್ತೆ ಈ ನೀರಿನ ಹತ್ರ ಸೇರಿಸಲ್ಲ, ಸೇರಿಸಬೇಡಿ, ಇಲ್ಲಿ ನನ್ನ ಮುಂದೆ ಕಲ್ಲಿನ ಮೆಟ್ಟಿಲಿದೆ, ಕೆಂಪು ದೋಣಿ ಕೊನೇ ಸುತ್ತಿಗೆ ಇಲ್ಲಿ ತಿರುಗುತ್ತೆ, ಆಗ ಒಂದು ಬೆರಳು ಬಲಕ್ಕೆ, ಬರೀ ಒಂದು ಬೆರಳು, ಗುಲಾಬಿ ಹೂವೆಲ್ಲ ಮೆಟ್ಟಿಲ ಮೇಲೆ ಚೆಲ್ಲಾಪಿಲ್ಲಿ, ಶಿಳ್ಳೆ ಹೊಡೆದ್ರು, ಬಿಟ್ಟ, ಎದ್ದಿತು, ಅಯ್ಯೋ ಎಷ್ಟು ಸಲೀಸಾಗಿ ಏಳ್ತಾಳೆ ಇವಳು, ಒಂದು ಸುತ್ತು, ಎರಡು, ಉಳಿದೋರ ದೋಣಿಗಳು ಹಿಂದೆ ದಬಕ್ ದಬಕ್ — ಸ್ವಿಚ್ಚು ಒತ್ತಿದೆ.

ಕೇಳ್ತಾಳೆ. ನನ್ನ ಮಾತು ಕೇಳ್ತಾಳೆ, ಸ್ವಲ್ಪ ಎಡ ಅಂದ್ರೆ ಸ್ವಲ್ಪ ಎಡ, ನಿಧಾನ ಅಂದ್ರೆ ನಿಧಾನ, ಆ ದಡದಲ್ಲಿ ಬಿಳಿ ಟೋಪಿ ತಾನೇ ಓಡಿಸ್ತಿರೋ ಹಾಗೆ ಸೊಂಟ ಬಗ್ಗಿಸ್ತಾ ಇದಾನೆ, ಬಗ್ಗು, ತಿರುವು ಬಂತು, ಮೆಟ್ಟಿಲು, ಈಗ ಬಲಕ್ಕೆ, ಈಗಲೇ, ಬೆರಳು ಯಾಕೆ ಹೋಗ್ತಾ ಇಲ್ಲ, ತಿರುಗ್ತಾ ಇದಾಳೆ, ಎಡಕ್ಕೆ, ಗಾಳಿ ಎಳ್ಕೊಳ್ಳದೆ, ಹೊಟ್ಟೆ ತಾಗಿಸದೆ, ಹೊಟ್ಟೆಗೂ ನೀರಿಗೂ ಮಧ್ಯೆ ನಾಲ್ಕು ಬೆರಳು ಬೆಳಕು, ತಿರುವಿನ ಉದ್ದಕ್ಕೂ, ಥೂ, ಐದು ಮೂರು, ಎಲ್ಲಾ ತಿರುವೂ ಎಡಕ್ಕೇ ಇರೋ ಕೊಳ ಇದು, ಎಡಕ್ಕೆ ಐದೇ ಬೇಕಿತ್ತು, ನಾನು ಆಮೇಲೆ ನಾಚ್ಕೊಂಡು ನನ್ನದಕ್ಕೆ ನಾಲ್ಕು ನಾಲ್ಕು ಮಾಡಿ ನೀಟಾಗಿಸಿದ್ನಲ್ಲ, ಅದಕ್ಕೇ ಅದು ಮುಳುಗಿದ್ದು, ನಾನು ಮಾಡಿದ ರೆಕ್ಕೆ ಈ ಲೋಕದಲ್ಲಿ ಉಳಿದಿರೋದು ಈ ಕಳ್ಳನ ದೋಣಿ ಕೆಳಗೆ ಮಾತ್ರ, ಚಪ್ಪಾಳೆ, ಗೆರೆ ದಾಟ್ತು, ಗೆಲ್ಲಿಸಿಬಿಟ್ನಾ, ಇವನನ್ನ ನಾನೇ ಗೆಲ್ಲಿಸಿಬಿಟ್ನಾ.

ನಿಲ್ಲಿಸಲ್ಲ. ಕಪ್ಪು ಬೇಕಾ, ತಗೋ, ದೋಣಿ ಕೊಡಲ್ಲ. ಇನ್ನೊಂದು ಸುತ್ತು. ಅವನು ನಿಲ್ಲಿಸೋಕೆ ನೋಡ್ತಾನೆ, ಸೆಟ್ಟು ಕುಟ್ತಾನೆ, ನಿಲ್ತಾ ಇಲ್ಲ ಸಾರ್ ಅಂತಾನೆ, ಸ್ವಿಚ್ ಆಫ್ ಮಾಡಯ್ಯಾ ಅಂತಾರೆ ಅಧ್ಯಕ್ಷರು, ಆಫ್ ಮಾಡ್ದ, ಆಂಟೆನಾ ಮಡಚ್ದ, ಕ್ಲಿಪ್ಪು ವಾಪಸ್ ಹಲಗೆಗೆ ಹಾಕ್ದ, ಸೆಟ್ಟು ಹುಲ್ಲಿನ ಮೇಲಿಟ್ಟು ಎರಡೂ ಕೈ ಮೇಲೆತ್ತಿ ತೋರಿಸ್ದ, ಚಪ್ಪಾಳೆ ನಿಂತಿತು, ಎಲ್ಲರೂ ಅವನ ಖಾಲಿ ಕೈ ನೋಡ್ತಾರೆ, ಕೆಂಪು ದೋಣಿ ಅವನ ಮುಂದೇನೇ ತಿರುಗಿ ಹೋಗುತ್ತೆ, ಇದು ಹೊಳೀತೇನೋ ಬಚ್ಚಲಲ್ಲಿ, ಹಾಗಾದ್ರೆ ಓಡಿಸ್ತಿರೋದು ಯಾರು ಅಂದ್ರು ಯಾರೋ, ಒಂದೊಂದೇ ತಲೆ ಈ ಕಡೆ ತಿರುಗುತ್ತೆ, ಮೋಡವಿಲ್ಲದ ಹಗಲು, ಇಡೀ ಕೊಳಕ್ಕೆ ಒಂದೇ ಕೊಡೆ, ಅಣ್ಣಾ, ಅಂದ, ಆ ದಡದಿಂದ, ಅಣ್ಣಾ, ನೀನಾ, ಹೂಂ ಕಣಪ್ಪಾ ನಾನೇ, ಮೊದಲಿಂದಲೂ ನಾನೇ, ಅಧ್ಯಕ್ಷರು ಮೆಟ್ಟಿಲ ಕಡೆ ಓಡಿ ಬರ್ತಾ ಇದಾರೆ, ಬರ್ಲಿ, ನನ್ನ ಹೆಸರು ಹೊಡೆದುಹಾಕ್ಲಿ, ಬರೋಷ್ಟರಲ್ಲಿ ಇನ್ನೊಂದು ತಿರುವು ಸಿಗುತ್ತೆ, ನಿಲ್ಲಿಸಿದ್ರೆ ಅವನದು, ಒಡೆದ್ರೆ ಯಾರದೂ ಅಲ್ಲ, ಎದ್ದಿರೋವರೆಗೂ ನಂದು, ಎಡಕ್ಕೆ, ಮೆಲ್ಲಗೆ, ಹೊಟ್ಟೆಗೂ ನೀರಿಗೂ ಮಧ್ಯೆ ಬೆಳಕು, ನಾಲ್ಕು ಬೆರಳು, ದೋಣಿಯ ಬ್ಯಾಟರಿ ಸೋಲ್ತಾ ಇದೆ, ಮೂರು, ಇನ್ನೂ ಬೆಳಕಿದೆ, ಎರಡು, ಇದೆ, ಇನ್ನೂ ಇದೆ —