ದೊಡ್ಡಪತ್ರೆಯ ಸೋಮವಾರ

"ಇವೆರಡರಾಗ ಔಷಧದ ರಸ ಯಾವುದು, ಮೂಸಿ ಹೇಳ್ರಿ ಅತ್ತಿ," ಎಂದು ಸೊಸೆ ಗಂಗಾಂಬಿಕಾ ಪಾರ್ವತವ್ವನ ಮುಂದೆ ಎರಡು ಬಟ್ಟಲು ಇಟ್ಟಳು. ಎರಡರಲ್ಲೂ ಅವಳೇ ಹಿಂಡಿ ತಂದ ಹಸಿರು ರಸ.

ಬನವಾಸಿ ಹತ್ತಿರದ ಆ ಮನೆಯ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಕೆಮ್ಮುವ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೋಮವಾರ ಪಾರ್ವತವ್ವ ದೊಡ್ಡಪತ್ರೆ ಸೊಪ್ಪನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ಜೇನು ಬೆರೆಸಿ ಕುಡಿಸುತ್ತಾಳೆ. ಸೊಪ್ಪು ಎಲ್ಲರ ಹಿತ್ತಲಲ್ಲೂ ಇದೆ. ಜನ ಬರುವುದು ಅವಳ ಕೈಗುಣಕ್ಕೆ. ಕೊನೆಯ ಮಗುವಿಗೆ ಕುಡಿಸುವ ತನಕ ಅವಳು ನಾಲಿಗೆಗೆ ಏನನ್ನೂ ಸೋಂಕಿಸುವಂತಿಲ್ಲ. ಆ ಕೈಗುಣವನ್ನು ತನಗೆ ಒಪ್ಪಿಸೆಂದು ಸೊಸೆ ಎರಡು ವರ್ಷದಿಂದ ಬೆನ್ನು ಹತ್ತಿದ್ದಳು. "ಸಾಯೂ ಮುಂದ ಕೊಡ್ತೀನಿ, ತಡಿ," ಎಂದು ಪಾರ್ವತವ್ವ ಬಾಯಿ ಮುಚ್ಚಿಸುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಕೊಟ್ಟಿಗೆಯಲ್ಲಿ ಜಾರಿ ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಂದಿನಿಂದ ಅವಳಿಗೆ ಸೆಗಣಿಯ ವಾಸನೆಯೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಮೊನ್ನೆ ಒಲೆಯ ಮೇಲಿನ ಹಾಲು ಸೀದು ಕಪ್ಪಾಗುವವರೆಗೂ ಬೆನ್ನು ಹಾಕಿಕೊಂಡು ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ಸೊಸೆ ಬಾಗಿಲಲ್ಲಿ ನಿಂತು ನೋಡಿದ್ದಳು.

"ನನಗಽ ಪರೀಕ್ಷಾ ಏನಽ?"

"ಏ, ಚಾಷ್ಟಿ ರೀ. ನಿಮಗೇನು, ಕಣ್ಣ ಮುಚ್ಚಿ ಹೇಳ್ತೀರಿ."

ಹೆಂಗಸರು ನಕ್ಕರು. ಪಾರ್ವತವ್ವ ಎರಡನ್ನೂ ಮೂಗಿಗೆ ಹಿಡಿದಳು. ನೀರು ಮೂಸಿದ ಹಾಗಿತ್ತು. ಬಲಗಡೆಯದು ತುಸು ದಟ್ಟ ಕಂಡಿತು. ಅದನ್ನೇ ಎತ್ತಿ ಮುರಿಗೆವ್ವನ ಮೊಮ್ಮಗನ ಬಾಯಿಗೆ ಚಮಚದಿಂದ ಸುರಿದಳು.

ದೊಡ್ಡಪತ್ರೆಯ ಖಾರಕ್ಕೆ ಮಕ್ಕಳು ಕಿರುಚಿ ಉಗುಳುತ್ತವೆ. ಈ ಹುಡುಗ ನುಂಗಿ, ತುಟಿ ನೆಕ್ಕಿ, ಮತ್ತೆ ಬಾಯಿ ತೆರೆದ.

"ಅದು ಕುಂಬಳದ ಎಲಿ ರಸಾ ರೀ," ಎಂದಳು ಗಂಗಾಂಬಿಕಾ, ಎಲ್ಲರಿಗೂ ಕೇಳುವಂತೆ. "ಕೂಸಿಗೆ ಏನೂ ಆಗೂದಿಲ್ಲ. ನಾಳೆ ಇವರು ಇನ್ನೇನು ಹಿಂಡಿ ಹಾಕ್ತಾರೋ, ಅದಕ್ಕ ತೋರಿಸಿದೆ. ಕೊಟ್ಟಿಗ್ಯಾಗ ಬಿದ್ದಾಗಿಂದ ಇವರ ಮೂಗು ಸತ್ತೈತಿ, ಮೂರು ತಿಂಗಳಾತು."

ನಗು ನಿಂತಿತು. ಮುರಿಗೆವ್ವ ಮೂವತ್ತು ವರ್ಷದ ಗೆಳತಿ. ಅವಳ ಐದು ಮಕ್ಕಳೂ ಪಾರ್ವತವ್ವನ ಕೈಯಲ್ಲೇ ಕುಡಿದು ಬೆಳೆದವರು. ಮುರಿಗೆವ್ವ ಇನ್ನೊಂದು ಬಟ್ಟಲನ್ನು ಮೂಸಿ, ಸೊಸೆಯ ಕಡೆ ಚಾಚಿದಳು.

"ನೀನಽ ಹಾಕವ್ವಾ."

"ಆಕಿಗೆ ನಾ ಕೈ ಒಪ್ಪಿಸಿಲ್ಲ, ಮುರಿಗೀ."

"ಒಪ್ಪಸಾಕ ನಿನ್ನ ಕಡೆ ಈಗ ಏನೈತಿ?"

ಗಂಗಾಂಬಿಕಾ ಕುಡಿಸಿದಳು. ಹುಡುಗ ಕಿರುಚಿ, ಅರ್ಧ ಉಗುಳಿದ. ಹೆಂಗಸರಿಗೆ ಸಮಾಧಾನವಾಯಿತು.

"ಒಂದೀಟು ಸರೀರಿ ಅತ್ತಿ, ಜಾಗ ಸಾಲೂದಿಲ್ಲ."

ಪಾರ್ವತವ್ವ ಸರಿದಳು. ಮುಂದಿನವಳು ಮಗುವನ್ನೆತ್ತಿಕೊಂಡು ಬಂದು ಕೂತಾಗ ಇನ್ನಷ್ಟು ಸರಿದಳು. ಬೆನ್ನಿಗೆ ಗೋಡೆ ತಾಗಿತು.