ಹನುಮಂತಮ್ಮನ ಕೈಗುಣ

"ನಿಧಾನಕ್ಕೆ ಎಳೀ ಮುಂಡೆ! ಬಾವಿ ಹಗ್ಗ ಅಂದ್ಕಂಡಾ? ಮೂವತ್ತು ಸಾವ್ರದ ಹಸ ಕಣೇ ಅದು. ನಿನ್ ವಂಶನೆಲ್ಲಾ ಮಾರುದ್ರೂ ಅದರ ಬಾಲ ಬರಾಕಿಲ್ಲ."

ರಾಮಲಿಂಗಯ್ಯ ಕೊಟ್ಟಿಗೆಯ ಬಾಗಿಲಲ್ಲಿ ಮೂಗಿಗೆ ಟವೆಲ್ ಒತ್ತಿಕೊಂಡು ನಿಂತಿದ್ದ. ಹನುಮಂತಮ್ಮನ ಬಲಗೈ ಭುಜದ ತನಕ ಹಸುವಿನ ಒಳಗಿತ್ತು. ಏಳು ತಿಂಗಳಿಗೇ ಕಂದು ಹಾಕಿದ ಹಸು. ಕೂದಲು ಸರಿಯಾಗಿ ಮೂಡದ ಕರು ಗೋಣಿಚೀಲದ ಮೇಲೆ ಬಿದ್ದಿತ್ತು, ಕರುವನ್ನು ಸುತ್ತಿದ್ದ ಮಾಸು ಮಾತ್ರ ಒಳಗೇ ಅಂಟಿಕೊಂಡು ಕೂತಿತ್ತು. ವಂಶ ಮಾರುವ ಮಾತು ಕೇಳಿ ಅವಳಿಗೆ ಅಷ್ಟರಲ್ಲೂ ನಗು ಬಂತು. ಗೋಡೆಯ ಮೇಲೆ ಫೋಟೋ ಆಗಿರುವ ಗಂಡ ಅಂಕಯ್ಯ, ಫ್ಯಾಕ್ಟರಿಯಲ್ಲಿ ಮೂಟೆ ಹೊರುವ ಮಗ, ನಾಲ್ಕು ತಿಂಗಳ ಬಸುರಿ ಸೊಸೆ, ಮೊಟ್ಟೆ ಇಡುವುದನ್ನು ಮರೆತ ಎರಡು ಕೋಳಿ. ಕೊಳ್ಳುವವರು ಸಿಕ್ಕಿದರೆ ಚೌಕಾಸಿ ಮಾಡದೆ ಕೊಟ್ಟುಬಿಡಬಹುದಾದ ಸರಕು.

"ಬಂತು ಬುದ್ದಿ, ಬಂತು," ಎಂದಳು. ಮಾಸು ಕೊಳೆತ ವಾಸನೆಯೊಂದಿಗೆ ಜಾರಿ ಅವಳ ಸೀರೆಯ ಮೇಲೆ ಬಿತ್ತು.

ಮುತ್ತುಗದಪಾಳ್ಯದಲ್ಲಿ ಅಷ್ಟು ಸಣ್ಣ ಕೈ ಇನ್ನೊಬ್ಬರಿಗಿರಲಿಲ್ಲ. ಬಳೆಗಾರ ಅವಳಿಗೆ ಹುಡುಗಿಯರ ಅಳತೆಯ ಬಳೆಯನ್ನೇ ತೆಗೆಯುತ್ತಿದ್ದ. "ಹನುಮಂತಿ ಕೈಗುಣ ಬಲು ಚೆನ್ನಾಗೈತೆ ಕಣಪ್ಪ," ಎಂದು ಒಮ್ಮೆ ರಾಮಲಿಂಗಯ್ಯ ನಾಲ್ಕು ಜನರ ಎದುರು ಅಂದುಬಿಟ್ಟಿದ್ದ. ಆ ಒಂದು ಮಾತನ್ನು ಅವಳು ಮೂರು ವರ್ಷದಿಂದ ಉಂಡು ಜೀರ್ಣಿಸಿಕೊಳ್ಳುತ್ತಿದ್ದಳು. ಹೊಗಳಿಕೆಗೆ ಅವಳು ಯಾವಾಗಲೂ ಅಗ್ಗಕ್ಕೇ ಸಿಗುತ್ತಿದ್ದಳು.

ಮಾಸು ಹೊತ್ತು ಹೊರಡುವಾಗ ಹಾಲು ಕರೆಯುವ ನಟರಾಜು ಎದುರಾದ. "ಒಸಿ ದೂರ ನಿಂತ್ಕಳಮ್ಮೋ, ಕ್ಯಾನ್ ಐತೆ," ಎಂದ. ಅವಳು ಗೋಡೆಗೆ ಅಂಟಿ ನಿಂತಳು. ಹಸುವಿನ ಹೊಟ್ಟೆಯೊಳಗೆ ಹೋಗಬಹುದಾದ ಕೈ ಅದರ ಹಾಲಿನ ಕ್ಯಾನಿಗೆ ತಾಗಬಾರದು. ಹನುಮಂತಮ್ಮ ಇದನ್ನು ಅನ್ಯಾಯವೆಂದು ಯಾವತ್ತೂ ಎಣಿಸಿರಲಿಲ್ಲ. ಇಲಾಖೆ ಬೇರೆ ಬೇರೆ ಎಂದುಕೊಂಡಿದ್ದಳು.

ಸೋಲೂರಿನ ಕಡೆಯ ಹೊಲಗಳಿಗೆ ಕಾರ್ಖಾನೆಯ ಕಾಂಪೌಂಡು ಬಂದ ಮೇಲೆ ಕಳೆ ಕೀಳುವ ಕೂಲಿಯೂ ಕಳೆಯ ಜೊತೆಗೇ ಹೋಗಿತ್ತು. ರಾಮಲಿಂಗಯ್ಯ ಎಂಟೆಕರೆ ಕೊಟ್ಟು, ಬಂದದ್ದರಲ್ಲಿ ಉದ್ದನೆಯ ಶೀಟಿನ ಕೊಟ್ಟಿಗೆ ಕಟ್ಟಿಸಿ, ಇಪ್ಪತ್ತು ಕಪ್ಪುಬಿಳಿ ಸೀಮೆಹಸು ತಂದ. ಫ್ಯಾಕ್ಟರಿಗೆ ಲೋಡಿಂಗ್ ಜನ ಕೊಡುವ ಗುತ್ತಿಗೆಯೂ ಅವನದೇ. ಹಾಲಿನ ಸಂಘದ ಅಧ್ಯಕ್ಷನೂ ಅವನೇ. ಹೀಗಾಗಿ ಹನುಮಂತಮ್ಮನ ಮನೆಯಲ್ಲಿ ಅನ್ನ ಬೇಯುತ್ತಿದ್ದರೆ ಒಲೆಯ ಒಂದು ಕಲ್ಲು ಕೊಟ್ಟಿಗೆ, ಇನ್ನೊಂದು ಕಲ್ಲು ಫ್ಯಾಕ್ಟರಿ. ಮೂರನೆಯದು ಅವಳ ಮಂಡಿ. ಅದೇ ಈಗ ಅಲುಗಾಡುತ್ತಿತ್ತು.

ಜ್ವರ ಸಂಜೆ ಬಂದು ಬೆಳಿಗ್ಗೆ ಬೆವರಾಗಿ ಹೋಗುತ್ತಿತ್ತು. ಸೊಂಟ, ಮಂಡಿ, ಮಣಿಕಟ್ಟು ಎಲ್ಲ ತಿರುಪು ಸಡಿಲಿಸಿದ ಹಾಗೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ತಲೆ ಎತ್ತದೆ ಕೇಳಿದರು.

"ಎಷ್ಟು ದಿನದಿಂದ ಜ್ವರ?"

"ಮೂರ್ ತಿಂಗ್ಳಾಯ್ತವ್ವ. ಬತ್ತದೆ, ಓಯ್ತದೆ. ಹೊಸ ಅಳಿಯನ ಥರ."

"ಈಗ ಇದೆಯಾ?"

"ಈಗಿಲ್ಲ. ನಿಮ್ಮುನ್ನ ಕಂಡು ನಾಚ್ಕಂಬುಡ್ತು."

ಡಾಕ್ಟರಮ್ಮ ನಗಲಿಲ್ಲ. ಬಿಳಿ ಮಾತ್ರೆ ಹತ್ತು, ಕೆಂಪು ಮಾತ್ರೆ ಹತ್ತು ಬರೆದರು.

ಜ್ವರದ ದಿನಗಳಲ್ಲಿ ಕೊಟ್ಟಿಗೆಗೆ ಸೊಸೆ ಧನಲಕ್ಷ್ಮಿ ಹೋಗತೊಡಗಿದಳು. ಅವಳ ಕೈಯೂ ಸಣ್ಣದೇ. ಹೋದ ವಾರ ಇನ್ನೊಂದು ಹಸು ಕಂದು ಹಾಕಿದಾಗ ಹನುಮಂತಮ್ಮ ಪಕ್ಕದಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಯಾವುದೋ ಗುರುವಿನ ಗತ್ತಿನಲ್ಲಿ ಕಲಿಸಿದ್ದಳು. "ಬಳೆ ತಗಿ. ಬೆರಳು ಕೂಡುಸ್ಕೊ. ಗುಂಡಿ ಬಿಚ್ಚೋ ಹಂಗೆ ಒಂದೊಂದೇ ಬಿಡುಸ್ಬೇಕು ಕಣವ್ವ." ಸೊಸೆ ಮೊದಲ ಸಲಕ್ಕೇ ಪೂರಾ ತೆಗೆದಳು. ವಂಶಕ್ಕೆ ಒಂದು ವಿದ್ಯೆ ಉಳಿಯಿತು ಎಂದು ಹನುಮಂತಮ್ಮನ ಎದೆ ಉಬ್ಬಿತ್ತು.

ಆ ಎದೆ ಇಳಿದದ್ದು ದನದ ಡಾಕ್ಟರು ಯೋಗಾನಂದ ಬಂದ ದಿನ. ಅವರು ಹಸುವಿನ ಬಾಲ ಮುಟ್ಟುವ ಮೊದಲು ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು ಏರಿಸಿದರು, ಮೂಗಿಗೆ ಬಟ್ಟೆ ಕಟ್ಟಿದರು. ಸಗಣಿ ಬಾಚುತ್ತಿದ್ದ ಹನುಮಂತಮ್ಮನಿಗೆ ತಮಾಷೆ ಅನಿಸಿತು.

"ಹಸ ಮುಟ್ಟಕ್ಕೂ ಇಷ್ಟೊಂದು ಮಡೀನಾ ಸಾ?"

"ಇಲ್ಲಿ ಮಾಸು ತೆಗೆಯೋರು ಯಾರಮ್ಮ?"

"ನಾನೇ ಸಾ. ಕೈಗುಣ."

"ಬರಿಗೈಯಲ್ಲಾ?"

ಅವರ ಮುಖ ನೋಡಿ ಅವಳ ನಗು ಅರ್ಧಕ್ಕೇ ನಿಂತಿತು. ಡಾಕ್ಟರು ರಾಮಲಿಂಗಯ್ಯನನ್ನು ಮೂಲೆಗೆ ಕರೆದರು. ಹನುಮಂತಮ್ಮ ಬಾಚಿದ ಸಗಣಿಯನ್ನೇ ಮತ್ತೆ ಮತ್ತೆ ಬಾಚುತ್ತ ಕಿವಿಯನ್ನು ಆ ಕಡೆ ಇಟ್ಟಳು.

"ಇದು ಬ್ರುಸೆಲ್ಲಾ ಇರಬಹುದು, ಕಂದು ರೋಗ. ಸತ್ತ ಕರು, ಮಾಸು, ಹಸಿ ಹಾಲು ಎಲ್ಲದರಲ್ಲೂ ರೋಗಾಣು ಇರುತ್ತೆ. ಮನುಷ್ಯರಿಗೂ ಹತ್ತುತ್ತೆ. ಬಿಟ್ಟು ಬಿಟ್ಟು ಜ್ವರ, ಕೀಲುನೋವು. ಬಸುರಿಯರಂತೂ ಹತ್ತಿರ ಬರಬಾರದು."

"ಮೆತ್ಗೆ ಮಾತಾಡಿ ಡಾಕ್ಟ್ರೇ. ಡೇರಿಯೋರ ಕಿವಿಗೆ ಬಿದ್ರೆ ಕ್ಯಾನ್ ವಾಪಸ್ ಬತ್ತವೆ."

"ಕೆಲಸದವರ ರಕ್ತ ಪರೀಕ್ಷೆ ಮಾಡಿಸಿಬಿಡಿ."

"ಅವ್ರಿಗೆ ಏನೂ ಆಗಾಕಿಲ್ಲ ಬುಡಿ. ಕಲ್ಲು ತಿಂದು ಕರಗಿಸೋ ಜನ."

ಮಾರನೆಯ ದಿನದಿಂದ ರಾಮಲಿಂಗಯ್ಯನ ಮನೆಗೆ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಪ್ಯಾಕೆಟ್ ಹಾಲು ಬರತೊಡಗಿತು. ಕಂದು ಹಾಕಿದ ಹಸುಗಳ ಹಾಲನ್ನು ಅವನ ಹೆಂಡತಿ ಕಾವೇರಮ್ಮ ಕೇರಿಯವರ ಚೊಂಬಿಗೆ ಮೇಲಿನಿಂದ ಸುರಿಯತೊಡಗಿದಳು. "ತಗಳ್ರೇ, ಪುಕ್ಕಟೆ. ಬಸುರಿ ಹೆಂಗ್ಸು ಕುಡೀಲಿ." ಹನುಮಂತಮ್ಮ ಚೊಂಬು ತಂದು ಸೊಸೆಯ ಎದುರೇ ತಿಪ್ಪೆಗೆ ಚೆಲ್ಲಿದಳು. ಚೆಲ್ಲಿದ ಮೇಲೆ ನೆನಪಾಯಿತು, ಹಾಲು ಹಾಕಿಸಿಕೊಳ್ಳುವಾಗ ಅಭ್ಯಾಸಬಲದಿಂದ "ನಿಮ್ ಹೊಟ್ಟೆ ತಣ್ಣಗಿರ್ಲಿ ಅವ್ವ" ಎಂದು ಹರಸಿ ಬಂದಿದ್ದಳು. ಹರಕೆಯನ್ನು ವಾಪಸ್ ತರುವ ದಾರಿ ಗೊತ್ತಿರಲಿಲ್ಲ.

ಸಂಜೆ ರಾಮಲಿಂಗಯ್ಯನ ಜಗುಲಿಯ ಕೆಳಗೆ ಕೈಕಟ್ಟಿ ನಿಂತಳು. "ಬುದ್ದಿ, ನಂದೂ ಸೊಸೇದೂ ರಕ್ತ ನೋಡುಸ್ಬೇಕಂತೆ."

"ಯಾವ ಬೋಳಿಮಗ ಹೇಳ್ದ? ಕೇರಿಯೋಳು ಕೈ ಹಾಕೀ ಹಾಕೀ ನನ್ ಹಸಗಳೇ ಕೆಟ್ಟವೆ! ನಿನ್ನಿಂದ ಅವುಕ್ಕೆ ಬಂದಿರೋದು ಕಣೇ. ಇನ್ನೊಂದು ಸಲ ಬಾಯಿ ಬುಟ್ಟೆ ಅಂದ್ರೆ ನಿನ್ ಮಗ ಫ್ಯಾಕ್ಟ್ರಿ ಗೇಟ್ ದಾಟಾಕಿಲ್ಲ, ತಿಳ್ಕೊ."

ತಿಳಿದುಕೊಂಡಳು. ಸೊಸೆಯನ್ನು ಕರೆದುಕೊಂಡು ಮತ್ತೆ ಸರ್ಕಾರಿ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಈ ಸಲ ತಲೆ ಎತ್ತಿದರು. "ಕಂದು ರೋಗವಾ? ಅದು ದನದ ಕಾಯಿಲೆ ಕಣಮ್ಮ. ಆ ಟೆಸ್ಟು ಇಲ್ಲಿಲ್ಲ. ದನದ ಆಸ್ಪತ್ರೆಗೆ ಹೋಗು." ಚೀಟಿ ಕೊಡುವವನು ಕಿಸಕ್ಕನೆ ನಕ್ಕ. ಧನಲಕ್ಷ್ಮಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

ಹನುಮಂತಮ್ಮ ಹುಟ್ಟಿದಾಗಿನಿಂದ ದೊಡ್ಡವರ ಮಾತು ಮೀರಿದವಳಲ್ಲ. ಎಲ್ಲಿಗೆ ಹೋಗು ಅಂದರೆ ಅಲ್ಲಿಗೆ ಹೋಗುವವಳು.

ಸೋಮವಾರ ದನದ ಆಸ್ಪತ್ರೆಯ ಅಂಗಳದಲ್ಲಿ ದನಗಳ ರಕ್ತ ತಪಾಸಣೆ ಶಿಬಿರ. ಶಾಮಿಯಾನದ ಕೆಳಗೆ ರಾಮಲಿಂಗಯ್ಯ ಹಾರ ಹಾಕಿಸಿಕೊಂಡು ಕೂತಿದ್ದ. ಕೊಟ್ಟಿಗೆಯ ಇಪ್ಪತ್ತರಲ್ಲಿ ಮೈ ತುಂಬಿದ ಎರಡನ್ನು ಮಾತ್ರ ಆರಿಸಿ ಹೊಡೆದುಕೊಂಡು ಬರಲು ಹೇಳಿದ್ದ. ಹನುಮಂತಮ್ಮ ಆ ಎರಡನ್ನೂ ಬೇವಿನ ಮರಕ್ಕೆ ಕಟ್ಟಿ, ಜೊತೆಗೆ ಬಂದಿದ್ದ ಧನಲಕ್ಷ್ಮಿಯನ್ನು ಬುಡದಲ್ಲಿ ಕೂರಿಸಿದಳು. ಅಂಗಳದ ನಡುವೆ, ದನ ಅಲುಗಾಡದಂತೆ ನಿಲ್ಲಿಸಿ ಸೂಜಿ ಚುಚ್ಚುವ ಕಬ್ಬಿಣದ ಪೈಪಿನ ಚೌಕಟ್ಟು ಇತ್ತು. ಒಂದು ಎಮ್ಮೆ ಆಚೆ ಹೋಯಿತು. ಹನುಮಂತಮ್ಮ ಒಳಗೆ ಹೋಗಿ ನಿಂತಳು.

ಪಕ್ಕದ ಮೇಜಿನಲ್ಲಿ ರಿಜಿಸ್ಟರು ಬರೆಯುತ್ತಿದ್ದ ಬಸವಯ್ಯನಿಗೆ ಅದು ನಲವತ್ತನೆಯದೋ ಐವತ್ತನೆಯದೋ. ಅವನು ಕತ್ತೆತ್ತಲಿಲ್ಲ.

"ಮಾಲೀಕರ ಹೆಸರು?"

"ರಾಮಲಿಂಗಯ್ಯನೋರು."

"ತಳಿ?"

"ನಾಟಿ."

"ಎಷ್ಟು ಸೂಲು?"

"ಮೂರಾಗೈತೆ. ಉಳಿದಿದ್ದು ಒಂದೇಯ."

"ಗಬ್ಬ ಐತಾ?"

"ನಾನಿಲ್ಲ ಸಾ. ನನ್ ಹಿಂದ್ಲದು ಐತೆ, ಐದ್ ತಿಂಗ್ಳು."

ಬಸವಯ್ಯ ಕತ್ತೆತ್ತಿದ. ಅವನ ಪೆನ್ನು 'ನಾಟಿ' ಎಂದು ಬರೆದಾಗಿತ್ತು. ಸಾಲಿನಲ್ಲಿ ನಗು ಒಡೆಯಿತು. "ಲೇ, ಅವಳ ಕಿವಿಗೂ ಒಂದು ಬಿಲ್ಲೆ ಹೊಡೀರ್ಲಾ!" ಎಂದು ಯಾರೋ ಕೂಗಿದರು. ಹನುಮಂತಮ್ಮನೂ ನಕ್ಕಳು. ಬೇರೆ ದಿನವಾಗಿದ್ದರೆ ಅದಕ್ಕಿಂತ ಒಳ್ಳೆಯದನ್ನು ಅವಳೇ ಹೇಳುತ್ತಿದ್ದಳು. ಈಗ ನಕ್ಕು ಮುಗಿಸಿ, ಎರಡೂ ಕೈಯಲ್ಲಿ ಪೈಪು ಹಿಡಿದು ನಿಂತಳು.

ಯೋಗಾನಂದ ಸಿರಿಂಜು ಹಿಡಿದೇ ಹತ್ತಿರ ಬಂದರು. "ಅಮ್ಮಾ, ಆಚೆ ಬಾ. ಮನುಷ್ಯರ ರಕ್ತ ತೆಗೆಯೋ ಅಧಿಕಾರ ನನಗಿಲ್ಲ."

"ಮನುಸ್ರ ಡಾಕ್ಟ್ರು ಇಲ್ಲಿಗೇ ಹೋಗು ಅಂದವ್ರೆ ಸಾ. ನೀವು ಅಲ್ಲಿಗೆ ಹೋಗು ಅಂತೀರಿ. ಇಬ್ರೂ ಕೂತು ಒಂದು ತೀರ್ಮಾನಕ್ಕೆ ಬನ್ನಿ. ಅಲ್ಲೀಗಂಟ ಇಲ್ಲೇ ನಿಂತಿರ್ತೀನಿ."

"ಲೇ ಲೌಡಿ!" ರಾಮಲಿಂಗಯ್ಯ ಹಾರದ ಸಮೇತ ಎದ್ದಿದ್ದ. "ಹತ್ತೂರ ಮುಂದೆ ನನ್ ಮಾನ ಕಳೀತಿಯಾ? ಆಚೆಗ್ ಬಾರೇ!"

ಹನುಮಂತಮ್ಮ ಹಿಂದಕ್ಕೆ ಕೈ ಚಾಚಿ, ದನ ಹೊರಬರದಂತೆ ಹಾಕುವ ಅಡ್ಡಪೈಪನ್ನು ತಾನೇ ಎಳೆದು ಹಾಕಿಕೊಂಡಳು.

"ನಿಮ್ ಕೊಟ್ಟಿಗೇಲಿ ಐದು ಹಸ ಕಂದು ಹಾಕವೆ ಬುದ್ದಿ. ನಾಕುಕ್ಕೆ ನಾನು ಕೈ ಹಾಕಿವ್ನಿ. ಐದ್ನೇದುಕ್ಕೆ ಸೊಸೆ ಕೈಯ ನಾನೇ ಹಾಕುಸ್ದೆ. ಪಾಪಿ ನಾನು. ದೊಡ್ಡ ಮೇಷ್ಟ್ರು ಥರ ಕೂತು ಕಲಿಸ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಪ್ಯಾಕೆಟ್ ಹಾಲು ಕುಡೀತೀರಿ. ಆಯ್ತು, ಕುಡೀರಿ. ನಮ್ಗೆ ಏನಾಗೈತೆ ಅಂತ ಒಂದು ಚೀಟಿ ಬರ್ಕೊಡಿ, ಸಾಕು."

ಸಾಲಿನ ನಗು ಸಣ್ಣಗಾಯಿತು. ಎರಡು ತಿಂಗಳ ಹಿಂದೆ ರಾಮಲಿಂಗಯ್ಯನಿಂದ ಕಡಸು ಕೊಂಡಿದ್ದ ಲೋಕೇಶ್ ತನ್ನ ಹಗ್ಗದ ತುದಿಯಲ್ಲಿದ್ದುದನ್ನೇ ದಿಟ್ಟಿಸಿದ. "ಗೌಡ್ರೇ, ನನ್ಗೆ ಕೊಟ್ರಲ್ಲ, ಇದು ಯಾವ ಪೈಕಿದು?"

"ನೀ ಸುಮ್ಕಿರ್ಲಾ! ನಟರಾಜಾ, ಎಳೆದು ಆಚೆಗಾಕ್ಲಾ ಅವಳ್ನ!"

ನಟರಾಜು ಎರಡು ಹೆಜ್ಜೆ ಇಟ್ಟು ನಿಂತ. ಡಾಕ್ಟರ ಗ್ಲೌಸು ನೋಡಿದ, ತನ್ನ ಬರಿಗೈ ನೋಡಿದ. "ನನ್ಗೂ ಹತ್ಬುಟ್ರೆ ಬುದ್ದಿ?"

ಹೋಗಿ ಮುಟ್ಟುವವರು ಯಾರೂ ಕಾಣಲಿಲ್ಲ. ಹನುಮಂತಮ್ಮ ಎರಡು ಪೈಪುಗಳ ನಡುವೆ ಬಲಗೈಯನ್ನು ಹೊರಚಾಚಿ, ಮೊಣಕೈಯ ಒಳಮೈಯನ್ನು ಮೇಲೆ ಮಾಡಿ ಹಿಡಿದಳು. ಮಗನ ಕೆಲಸ ಆ ಹೊತ್ತಿಗಾಗಲೇ ಹೋಗಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯೋಗಾನಂದ ಒಮ್ಮೆ ಶಾಮಿಯಾನದ ಕಡೆ, ಒಮ್ಮೆ ಆ ಕೈಯ ಕಡೆ ನೋಡುತ್ತ ನಿಂತಿದ್ದರು. ಸೂಜಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಧನಲಕ್ಷ್ಮೀ," ಅವಳು ಹಿಂದಿರುಗಿ ನೋಡದೆಯೇ ಕರೆದಳು. "ಬಂದು ನಿಂತ್ಕೊಳವ್ವ. ಸರದಿ ತಪ್ಪೋಯ್ತದೆ."

ಬೇವಿನ ಮರದ ಬುಡದಿಂದ ಧನಲಕ್ಷ್ಮಿ ಎದ್ದು ಬಂದಳು. ಸಾಲಿನಲ್ಲಿದ್ದವರು ಜರುಗಲಿಲ್ಲ. ಅವಳು ಲೋಕೇಶನ ಕಡಸಿನ ಬೆನ್ನನ್ನು ಒಂದು ಕೈಯಲ್ಲಿ ನೂಕಿ, ಹೊಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎರಡು ಹಸುಗಳ ನಡುವೆ ಜಾಗ ಮಾಡಿಕೊಂಡು ನಿಂತಳು.